ಗರ್ಭಕೋಶದ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ

(ಬೀದರ ನಗರ, ಭಾಲ್ಕಿ ಹಾಗೂ ಔರಾದ ತಾಲ್ಲೂಕುಗಳ ದಂಪತಿಗಳನ್ನು ಉದ್ದೇಶಿಸಿದ ಭಾಷಣ)



ಕುಟುಂಬ ಕಲ್ಯಾಣ ಎಂದೊಡನೆ ಮಕ್ಕಳ ಸಂಖ್ಯೆ, ಮಕ್ಕಳ ನಡುವಣ ಅಂತರ, ಲಸಿಕೆ ಇವೇ ನಮ್ಮ ನೆನಪಿಗೆ ಬರುತ್ತವೆ. ಇವೆಲ್ಲವೂ ಅಗತ್ಯವಾದವುಗಳೇ. ಆದರೆ ಮಕ್ಕಳನ್ನು ಹೆತ್ತು ಸಾಕಿದ ತಾಯಿಯು ಮುಂದೆಯೂ ಮೂವತ್ತು ನಲವತ್ತು ವರ್ಷ ಆರೋಗ್ಯದಿಂದ ಬಾಳಬೇಕಲ್ಲವೇ? ಆಕೆಯ ದೇಹದ ರಕ್ಷಣೆಯೂ ಕುಟುಂಬ ಕಲ್ಯಾಣದ ಕೆಲಸವೇ. ಆದುದರಿಂದ ಇಂದು ನಿಮ್ಮೊಡನೆ ಒಂದು ಗಂಭೀರವಾದ ವಿಷಯವನ್ನು ಮಾತನಾಡಬೇಕೆಂದಿದ್ದೇನೆ. ಅದು ಅನಗತ್ಯವಾಗಿ ಗರ್ಭಕೋಶವನ್ನು ತೆಗೆಯಿಸಿಕೊಳ್ಳುವ ವಿಷಯ. ಹಳ್ಳಿಗಳಲ್ಲಿ ಇದನ್ನು ‘ಗರ್ಭಚೀಲ ತೆಗೆಸುವುದು’ ಎನ್ನುತ್ತಾರೆ.

ಔರಾದ ತಾಲ್ಲೂಕಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ಗೃಹಿಣಿಗೆ ಮೂವತ್ತೆರಡು ವರ್ಷ. ಮೂರು ಮಕ್ಕಳಾದ ಮೇಲೆ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯಾಗಿದೆ. ಕೆಲವು ತಿಂಗಳಿಂದ ಆಕೆಗೆ ಬಿಳಿ ಸೆರಗು, ಸೊಂಟ ನೋವು, ಮುಟ್ಟಿನಲ್ಲಿ ಏರುಪೇರು. ಊರಿಗೆ ಬಂದು ಸೂಜಿ ಹಾಕುವ ಒಬ್ಬಾತ ಪಟ್ಟಣದ ಆಸ್ಪತ್ರೆಯೊಂದರ ಹೆಸರು ಹೇಳಿ, ತಾನೇ ಜೊತೆಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಹತ್ತು ನಿಮಿಷದಲ್ಲಿ ಸ್ಕ್ಯಾನಿಂಗ್ ಮುಗಿಯುತ್ತದೆ. “ಚೀಲ ಕೆಟ್ಟಿದೆ. ಹೀಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ. ಹೇಗೂ ಮಕ್ಕಳಾಗಿವೆ, ಇನ್ನು ಚೀಲದಿಂದ ಏನು ಕೆಲಸ? ನಾಳೆಯೇ ತೆಗೆದುಬಿಡೋಣ” ಎಂಬ ಮಾತು ಬರುತ್ತದೆ.

ಕ್ಯಾನ್ಸರ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಪತಿಯ ಕೈಕಾಲು ನಡುಗುತ್ತವೆ. ಹೆಂಡತಿಯ ಮೇಲಿನ ಪ್ರೀತಿಯಿಂದಲೇ ಆತ ಕಿವಿಯೋಲೆಯನ್ನು ಒತ್ತೆಯಿಟ್ಟು, ತೊಗರಿಯ ಸುಗ್ಗಿಯ ಮೇಲೆ ಸಾಲ ತಂದು, ತೋರಿಸಿದ ಕಡೆ ಸಹಿ ಹಾಕುತ್ತಾನೆ. ಮರುದಿನ ಶಸ್ತ್ರಚಿಕಿತ್ಸೆ ಮುಗಿಯುತ್ತದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಆ ತಾಯಿಗೆ ಮೈಯೆಲ್ಲ ಬಿಸಿ ಏರಿದಂತಾಗುವುದು, ನಿದ್ರೆ ಬಾರದಿರುವುದು, ಮೂಳೆ ಕೀಲುಗಳ ನೋವು. ಕಳೆ ಕೀಳಲು ಬಗ್ಗಿದರೆ ಏಳಲಾಗದು. ಸೊಂಟ ನೋವು ಹೋಗಿಲ್ಲ, ಸಾಲವೂ ತೀರಿಲ್ಲ. ಆಗ ದಂಪತಿಗಳಿಗೆ ಒಂದು ಪ್ರಶ್ನೆ ಏಳುತ್ತದೆ: ನಿಜವಾಗಿ ರೋಗವೇನಿತ್ತು? ಮನೆಯಲ್ಲಿರುವ ಕಾಗದಗಳಲ್ಲಿ ಅದಕ್ಕೆ ಉತ್ತರವಿಲ್ಲ.

ಈ ಮನೆ ಕಲ್ಪನೆಯದು. ಆದರೆ ಈ ಸಂಕಟ ಕಲ್ಪನೆಯದಲ್ಲ. ನಮ್ಮ ನೆರೆಯ ಕಲಬುರಗಿ ಜಿಲ್ಲೆಯಲ್ಲಿ 2015ರಲ್ಲಿ ಇಂಥ ಪ್ರಕರಣಗಳು ದೊಡ್ಡ ಸಂಖ್ಯೆಯಲ್ಲಿ ಬೆಳಕಿಗೆ ಬಂದವು. ತಾಂಡಾಗಳ ಲಂಬಾಣಿ ಮಹಿಳೆಯರು ಮತ್ತು ದಲಿತ ಮಹಿಳೆಯರೇ ಅವರಲ್ಲಿ ಹೆಚ್ಚಿನವರು. ಹೊಟ್ಟೆ ನೋವು, ಸೊಂಟ ನೋವು, ಬಿಳಿ ಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದವರ ಗರ್ಭಕೋಶವನ್ನೇ ತೆಗೆಯಲಾಗಿತ್ತು. ಅನೇಕರಿಗೆ ನಲವತ್ತು ವರ್ಷವೂ ತುಂಬಿರಲಿಲ್ಲ. ಇಂಥವರ ಸಂಖ್ಯೆ 2,200ಕ್ಕೂ ಹೆಚ್ಚೆಂದು ವರದಿಯಾಯಿತು. ಆರೋಗ್ಯ ಇಲಾಖೆಯ ತನಿಖೆ ನಡೆದು, ನಾಲ್ಕು ಆಸ್ಪತ್ರೆಗಳ ಪರವಾನಗಿ ರದ್ದತಿಗೆ ಕ್ರಮ ಕೈಗೊಳ್ಳಲಾಯಿತು. ನ್ಯಾಯ ಇನ್ನೂ ದೊರೆತಿಲ್ಲವೆಂದು 2017ರ ಫೆಬ್ರವರಿಯಲ್ಲಿ ಆ ಮಹಿಳೆಯರು ಕಲಬುರಗಿಯಲ್ಲಿ ಪ್ರತಿಭಟನೆಗೂ ಇಳಿದರು.

ನಮ್ಮ ಜಿಲ್ಲೆಯ ಇನ್ನೊಂದು ಬದಿಗೆ ಮರಾಠವಾಡಾ ಇದೆ. ಅಲ್ಲಿಯ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಕೂಲಿ ಮಹಿಳೆಯರ ಸಮೀಕ್ಷೆಯನ್ನು 2019ರಲ್ಲಿ ಮಹಾರಾಷ್ಟ್ರ ಸರಕಾರ ಮಾಡಿಸಿತು. 82 ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶವಿರಲಿಲ್ಲ. ಎಂದರೆ ಆರು ಮಂದಿಯಲ್ಲಿ ಒಬ್ಬರಿಗೆ. ಮುಟ್ಟಿನ ದಿನ ಕೆಲಸ ತಪ್ಪಿದರೆ ಕೂಲಿಯೂ ತಪ್ಪುತ್ತದೆಂಬ ಭಯ ಒಂದು ಕಡೆ, ‘ಕ್ಯಾನ್ಸರ್ ಆದೀತು’ ಎಂಬ ಬೆದರಿಕೆ ಇನ್ನೊಂದು ಕಡೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಈ ಶಸ್ತ್ರಚಿಕಿತ್ಸೆಯಾಗಿತ್ತು. ನಮ್ಮ ಗಡಿಯಾಚೆಯ ತೆಲಂಗಾಣದಲ್ಲಿ ನೂರಕ್ಕೆ ಸುಮಾರು 8 ಮಂದಿಗೆ. ಎರಡು ಗಡಿಗಳ ನಡುವೆ ಬಾಳುವ ನಾವು ಎಚ್ಚರದಿಂದಿರಬೇಕಾದ ಕಾರಣ ಇದರಿಂದ ತಿಳಿಯುತ್ತದೆ.

ಮಕ್ಕಳಾದ ಮೇಲೆ ಗರ್ಭಕೋಶ ವ್ಯರ್ಥವೇ?

ಇಲ್ಲ. ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳೋಣ. ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯಲ್ಲಿ ಅಂಡನಾಳಗಳ ದಾರಿಯನ್ನು ಮಾತ್ರ ಮುಚ್ಚಲಾಗುತ್ತದೆ. ಗರ್ಭಕೋಶವೂ ಅಂಡಾಶಯಗಳೂ ತಮ್ಮ ಸ್ಥಾನದಲ್ಲಿಯೇ ಇರುತ್ತವೆ. ಮುಟ್ಟೂ ಎಂದಿನಂತೆ ಬರುತ್ತದೆ. ಗರ್ಭಕೋಶವನ್ನು ತೆಗೆಯುವುದು ಇದಕ್ಕಿಂತ ಬಹು ದೊಡ್ಡ ಶಸ್ತ್ರಚಿಕಿತ್ಸೆ. ರಕ್ತಸ್ರಾವ, ನಂಜು, ಮೂತ್ರಕೋಶಕ್ಕೆ ಅಥವಾ ಮೂತ್ರನಾಳಕ್ಕೆ ಗಾಯ ಮುಂತಾದ ಅಪಾಯಗಳು ಅದರಲ್ಲಿವೆ.

ಗರ್ಭಕೋಶದ ಎರಡೂ ಬದಿಗಿರುವ ಅಂಡಾಶಯಗಳು ಸ್ತ್ರೀಯ ಮೂಳೆ, ಹೃದಯ, ನಿದ್ರೆ, ಮನಸ್ಸು ಇವೆಲ್ಲಕ್ಕೂ ಬೇಕಾದ ರಸಗಳನ್ನು ತಯಾರಿಸುತ್ತವೆ. ಎಷ್ಟೋ ಸಂದರ್ಭಗಳಲ್ಲಿ ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದುಬಿಡುತ್ತಾರೆ. ಆಗ ನಲವತ್ತೈದು ಐವತ್ತರ ವಯಸ್ಸಿಗೆ ಬರಬೇಕಾದ ಮುಟ್ಟು ನಿಲ್ಲುವ ಸ್ಥಿತಿ ಮೂವತ್ತಕ್ಕೇ ಬಂದುಬಿಡುತ್ತದೆ. ಮೂಳೆ ಸವೆಯುತ್ತದೆ, ಹೃದಯರೋಗದ ಸಂಭವ ಹೆಚ್ಚುತ್ತದೆ. ಅಂಡಾಶಯಗಳನ್ನು ಉಳಿಸಿದರೂ ಅವು ಬೇಗನೆ ಸೊರಗುವುದುಂಟು. ಎಳೆಯ ವಯಸ್ಸಿನಲ್ಲಿ ತೆಗೆದಷ್ಟೂ ಹಾನಿ ಹೆಚ್ಚು. ಹೊಲ, ಮನೆ, ಕೂಲಿ ಎಲ್ಲವನ್ನೂ ತನ್ನ ಮೈಬಲದಿಂದಲೇ ನಡೆಸುವ ಹೆಣ್ಣುಮಗಳಿಗೆ ಇದು ಸಣ್ಣ ನಷ್ಟವಲ್ಲ.

ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ?

ಬಿಳಿ ಸೆರಗು ಬಹುಪಾಲು ಸೋಂಕಿನಿಂದ ಬರುತ್ತದೆ. ಕೆಲವೊಮ್ಮೆ ಅದು ದೇಹದ ಸಹಜ ಸ್ರಾವವೇ ಆಗಿರುತ್ತದೆ. ಸೋಂಕಿದ್ದರೆ ಕೆಲವು ದಿನಗಳ ಮಾತ್ರೆಯಿಂದ ಗುಣವಾಗುತ್ತದೆ. ಸೋಂಕಿನ ಬಗೆಯನ್ನು ನೋಡಿ ಪತಿಯೂ ಮಾತ್ರೆ ತೆಗೆದುಕೊಳ್ಳಬೇಕಾಗಬಹುದು. ಹೀಗಿರುವಾಗ ಗರ್ಭಕೋಶವನ್ನೇ ತೆಗೆಯುವುದು, ಮನೆ ಸೋರಿತೆಂದು ಹೆಂಚು ಹೊದಿಸುವ ಬದಲು ಮನೆಯನ್ನೇ ಕೆಡವಿದಂತೆ. ಸೊಂಟ ನೋವಿಗೆ ಭಾರದ ದುಡಿಮೆ, ರಕ್ತಹೀನತೆ, ಬೆನ್ನೆಲುಬಿನ ತೊಂದರೆ ಹೀಗೆ ಹಲವು ಕಾರಣಗಳಿರುತ್ತವೆ. ಗರ್ಭಕೋಶದ ಕೊರಳಿನ ಮೇಲೆ ಕಾಣುವ ಕೆಂಪನ್ನು ‘ಹುಣ್ಣು’ ಎಂದು ಹೇಳಿ ಹೆದರಿಸುವುದುಂಟು. ಕೆಂಪಾಗಿರುವುದೆಲ್ಲ ಕ್ಯಾನ್ಸರ್ ಅಲ್ಲ. ಸ್ಕ್ಯಾನಿಂಗ್‌ನಲ್ಲಿ ಕಂಡ, ಯಾವ ತೊಂದರೆಯನ್ನೂ ಕೊಡದ ಸಣ್ಣ ಗಡ್ಡೆಯೂ ಶಸ್ತ್ರಚಿಕಿತ್ಸೆಗೆ ಕಾರಣವಾಗಬೇಕಿಲ್ಲ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ ರಕ್ತಸ್ರಾವ ತಗ್ಗಿಸುವ ಮಾತ್ರೆ, ಹಾರ್ಮೋನಿನ ಮಾತ್ರೆ, ಗರ್ಭಕೋಶದೊಳಗೆ ಇರಿಸುವ ಹಾರ್ಮೋನಿನ ಸಾಧನ, ಕಬ್ಬಿಣಾಂಶದ ಮಾತ್ರೆ ಇವನ್ನು ಮೊದಲು ಪ್ರಯತ್ನಿಸಿ ನೋಡಬೇಕು.

ಹಾಗೆಂದು ಈ ಶಸ್ತ್ರಚಿಕಿತ್ಸೆಯೇ ಕೆಟ್ಟದ್ದೆಂದು ಯಾರೂ ಭಾವಿಸಬಾರದು. ಗರ್ಭಕೋಶದ ಕ್ಯಾನ್ಸರ್ ಪರೀಕ್ಷೆಯಿಂದ ದೃಢಪಟ್ಟಾಗ, ದೊಡ್ಡ ಗಡ್ಡೆಗಳಿಂದ ಔಷಧಿಗೆ ಬಗ್ಗದ ರಕ್ತಸ್ರಾವವಾಗುವಾಗ, ಗರ್ಭಕೋಶ ಪೂರ್ತಿ ಕೆಳಗೆ ಜಾರಿ ಬಾಳು ದುಸ್ತರವಾದಾಗ, ಹೆರಿಗೆಯಲ್ಲಿ ಯಾವ ಉಪಾಯದಿಂದಲೂ ರಕ್ತ ನಿಲ್ಲದಿರುವಾಗ ಇದೇ ಶಸ್ತ್ರಚಿಕಿತ್ಸೆ ಪ್ರಾಣವನ್ನು ಉಳಿಸುತ್ತದೆ ಅಥವಾ ಬಾಳನ್ನು ಸುಧಾರಿಸುತ್ತದೆ. ಅಂಥ ವೇಳೆ ಹಿಂಜರಿಯುವುದೂ ತಪ್ಪೇ.

ಕೆಲವು ಲಕ್ಷಣಗಳನ್ನು ಎಂದಿಗೂ ಅಲಕ್ಷಿಸಬೇಡಿರಿ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಾಣುವುದು, ಪತಿ ಪತ್ನಿಯರ ಸಮಾಗಮದ ನಂತರ ರಕ್ತ ಹೋಗುವುದು, ದುರ್ವಾಸನೆಯ ರಕ್ತಮಿಶ್ರಿತ ಸ್ರಾವ, ತಲೆ ಸುತ್ತಿ ಬೀಳುವಷ್ಟು ರಕ್ತಸ್ರಾವ. ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು.

ಕ್ಯಾನ್ಸರಿನ ಭಯಕ್ಕೆ ಸರಿಯಾದ ಮದ್ದು ಪರೀಕ್ಷೆ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಒಂದು ರಾತ್ರಿಯಲ್ಲಿ ಬರುವ ರೋಗವಲ್ಲ. ಬಹುಮಟ್ಟಿಗೆ ವೈರಸ್ ಸೋಂಕಿನಿಂದ ಆರಂಭವಾಗುವ ಅದು ಪೂರ್ಣ ರೂಪ ತಾಳಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಆ ಅವಧಿಯಲ್ಲಿ ಅದನ್ನು ಮೊದಲೇ ಪತ್ತೆ ಮಾಡಲು ಸಾಧ್ಯ. ಮೂವತ್ತು ವರ್ಷ ದಾಟಿದ ಸ್ತ್ರೀಯರಿಗೆ ಈ ತಪಾಸಣೆ ಸರಕಾರಿ ಆರೋಗ್ಯ ಕಾರ್ಯಕ್ರಮದ ಭಾಗವಾಗಿದೆ. ಗರ್ಭಕೋಶದ ಕೊರಳಿಗೆ ವಿನೆಗರ್‌ನಂಥ ದ್ರವವನ್ನು ಲೇಪಿಸಿ ಬಣ್ಣದ ಬದಲಾವಣೆಯನ್ನು ನೋಡುವ ಪರೀಕ್ಷೆ ಕೆಲವೇ ನಿಮಿಷಗಳದು. ಅದರಲ್ಲಿ ಸಂಶಯ ಕಂಡರೆ ಸಣ್ಣ ತುಣುಕನ್ನು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬುದನ್ನು ದೃಢಪಡಿಸುವುದು ಆ ಪರೀಕ್ಷೆಯೇ. ಹತ್ತು ನಿಮಿಷದ ಸ್ಕ್ಯಾನಿಂಗ್ ಅಲ್ಲ.

ಕೇಳಬೇಕಾದ ಏಳು ಪ್ರಶ್ನೆಗಳು

ವೈದ್ಯರನ್ನು ಪ್ರಶ್ನಿಸುವುದು ಅವಿನಯವಲ್ಲ. ಎತ್ತನ್ನು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ನಡಿಗೆ ನೋಡುತ್ತೇವೆ, ನಾಲ್ಕು ಜನರನ್ನು ವಿಚಾರಿಸುತ್ತೇವೆ. ಮನೆಯೊಡತಿಯ ದೇಹದ ವಿಷಯದಲ್ಲಿ ಅಷ್ಟಾದರೂ ವಿಚಾರಣೆ ಬೇಡವೇ? ಉತ್ತಮ ವೈದ್ಯರು ಇಂಥ ಪ್ರಶ್ನೆಗಳಿಗೆ ಸಂತೋಷದಿಂದಲೇ ಉತ್ತರ ಕೊಡುತ್ತಾರೆ.

1. ರೋಗದ ಹೆಸರೇನು? ಅದನ್ನು ಚೀಟಿಯಲ್ಲಿ ಬರೆದುಕೊಡುವಿರಾ?

2. ಯಾವ ಯಾವ ಪರೀಕ್ಷೆಗಳಿಂದ ಇದು ತಿಳಿಯಿತು? ಅವುಗಳ ವರದಿ ಎಲ್ಲಿದೆ?

3. ಶಸ್ತ್ರಚಿಕಿತ್ಸೆಯಿಲ್ಲದೆ ಗುಣಪಡಿಸಲು ಬೇರೆ ದಾರಿಗಳಿವೆಯೇ? ಅವುಗಳನ್ನು ಮೊದಲು ಪ್ರಯತ್ನಿಸಬಹುದೇ?

4. ಒಂದು ತಿಂಗಳು ತಡೆದರೆ ಏನಾಗುತ್ತದೆ?

5. ಅಂಡಾಶಯಗಳನ್ನು ಉಳಿಸುವಿರಾ? ಇಲ್ಲವಾದರೆ ಕಾರಣವೇನು?

6. ಅರಿವಳಿಕೆ ಕೊಡುವ ತಜ್ಞರು ಯಾರು? ರಕ್ತ ಬೇಕಾದರೆ ಏರ್ಪಾಡು ಇದೆಯೇ?

7. ಒಟ್ಟು ಖರ್ಚು ಎಷ್ಟು? ತೆಗೆದ ಅಂಗವನ್ನು ಪ್ರಯೋಗಾಲಯಕ್ಕೆ ಕಳುಹಿಸಿ ವರದಿ ಕೊಡುವಿರಾ?

ಇವುಗಳಲ್ಲಿ ನಾಲ್ಕನೆಯ ಪ್ರಶ್ನೆ ಬಹು ಮುಖ್ಯ. ಪ್ರಾಣಾಪಾಯದ ರಕ್ತಸ್ರಾವದಂಥ ತುರ್ತು ಸಂದರ್ಭಗಳನ್ನು ಬಿಟ್ಟರೆ, ಈ ಶಸ್ತ್ರಚಿಕಿತ್ಸೆಯನ್ನು ‘ನಾಳೆಯೇ’ ಮಾಡಿಸಬೇಕಾದ ಅಗತ್ಯ ಅಪರೂಪ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳುತ್ತಾರೆ. ಯಾರಾದರೂ ನಿಮ್ಮನ್ನು ಆತುರಪಡಿಸಿದರೆ ಆ ಕ್ಷಣದಲ್ಲಿಯೇ ಎಚ್ಚರ ವಹಿಸಿರಿ. ವರದಿಗಳನ್ನು ಕೈಯಲ್ಲಿ ಹಿಡಿದು ಇನ್ನೊಬ್ಬ ಸ್ತ್ರೀರೋಗ ತಜ್ಞರ ಅಭಿಪ್ರಾಯವನ್ನು ಪಡೆಯಿರಿ. ಭಾಲ್ಕಿಯಲ್ಲಿಯೂ ಔರಾದದಲ್ಲಿಯೂ ತಾಲ್ಲೂಕು ಸರಕಾರಿ ಆಸ್ಪತ್ರೆಗಳಿವೆ. ಬೀದರ ನಗರದಲ್ಲಿ ಬೀದರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಿದೆ. ಒಂದು ದಿನದ ಕೂಲಿ, ಬಸ್ಸಿನ ಖರ್ಚು ಆಗಬಹುದು. ಆದರೆ ಒಂದು ಅಂಗವೂ ಸಾವಿರಾರು ರೂಪಾಯಿ ಸಾಲವೂ ಅದರಿಂದ ಉಳಿಯಬಹುದು. ಯಾರ ಬಳಿಗೆ ಹೋಗಬೇಕೆಂದು ತಿಳಿಯದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿರಿ.

ರೋಗಿಯನ್ನು ಕರೆತಂದವರಿಗೆ ಪಾಲು ಕೊಡುವುದೂ ಪಡೆಯುವುದೂ ವೈದ್ಯರ ನೀತಿ ನಿಯಮಗಳಿಗೆ ವಿರುದ್ಧವಾದದ್ದು. ನಿಮ್ಮನ್ನು ಕೈಹಿಡಿದು ಕರೆದೊಯ್ಯುವವನು ನಿಮ್ಮ ಹಿತೈಷಿಯೋ ದಲ್ಲಾಳಿಯೋ ಎಂಬುದನ್ನು ನೋಡಿಕೊಳ್ಳಿರಿ.

ಸಹಿ ಯಾರದು?

ಈಗ ಪತಿಗಳಿಗೆ ವಿಶೇಷವಾಗಿ ಒಂದು ಮಾತು. ಹೆಂಡತಿಯ ಶಸ್ತ್ರಚಿಕಿತ್ಸೆಗೆ ನೀವು ಹೆಬ್ಬೆಟ್ಟು ಒತ್ತಿದರೆ ಸಾಕೆಂಬ ಭಾವನೆ ನಮ್ಮಲ್ಲಿದೆ. ಅದು ಸರಿಯಲ್ಲ. ವಯಸ್ಸಿಗೆ ಬಂದ, ಬುದ್ಧಿ ಸ್ಥಿಮಿತದಲ್ಲಿರುವ ಸ್ತ್ರೀಯ ದೇಹದ ಬಗ್ಗೆ ಒಪ್ಪಿಗೆ ಕೊಡುವ ಹಕ್ಕು ಆಕೆಯದೇ.

ದೆಹಲಿಯ ಒಂದು ಪ್ರಕರಣವನ್ನು ಕೇಳಿರಿ. 44 ವರ್ಷದ ಸಮೀರಾ ಕೊಹ್ಲಿ ಎಂಬ ಮಹಿಳೆಯನ್ನು ತಪಾಸಣೆಗಾಗಿ ಅರಿವಳಿಕೆ ಕೊಟ್ಟು ಮಲಗಿಸಲಾಗಿತ್ತು. ಆಕೆ ಪ್ರಜ್ಞೆಯಿಲ್ಲದಿರುವಾಗ, ಹೊರಗೆ ಕುಳಿತಿದ್ದ ಆಕೆಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಯಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2008ರ ಜನವರಿಯಲ್ಲಿ ನ್ಯಾಯಾಲಯ ಸ್ಪಷ್ಟವಾಗಿ ತೀರ್ಪಿತ್ತಿತು: ತಪಾಸಣೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯಾಗದು, ಪ್ರಾಣ ಉಳಿಸುವ ತುರ್ತು ಇಲ್ಲದಿರುವಾಗ ತಾಯಿಯ ಒಪ್ಪಿಗೆಯೂ ಮಗಳ ಒಪ್ಪಿಗೆಗೆ ಸಮನಾಗದು. ರೋಗವೇನು, ಚಿಕಿತ್ಸೆಯೇನು, ಅಪಾಯವೇನು, ಬೇರೆ ದಾರಿ ಯಾವುದು ಎಂಬುದನ್ನು ರೋಗಿಗೆ ತಿಳಿಯುವಂತೆ ಹೇಳಿದ ಮೇಲೆ ಪಡೆದದ್ದೇ ನಿಜವಾದ ಒಪ್ಪಿಗೆ.

ನಮ್ಮ ಜನ ಚಿಕಿತ್ಸೆಗಾಗಿ ಉದಗೀರ, ಲಾತೂರ, ನಾಂದೇಡ, ಹೈದರಾಬಾದುಗಳಿಗೂ ಹೋಗುತ್ತಾರೆ. ಅಲ್ಲಿಯ ಒಪ್ಪಿಗೆ ಪತ್ರ ಮರಾಠಿಯಲ್ಲಿಯೋ ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇರಬಹುದು. ತಿಳಿಯದ ಕಾಗದಕ್ಕೆ ಸಹಿ ಹಾಕಬೇಡಿರಿ. ಅದನ್ನು ಓದಿಸಿ, ನಿಮ್ಮ ಭಾಷೆಯಲ್ಲಿ ಹೇಳಿಸಿ, ಪತಿ ಪತ್ನಿ ಇಬ್ಬರೂ ಕೇಳಿರಿ. ಖಾಲಿ ಕಾಗದಕ್ಕೆ ಎಂದಿಗೂ ಹೆಬ್ಬೆಟ್ಟು ಒತ್ತಕೂಡದು. ಪತಿಯ ಕರ್ತವ್ಯ ಪತ್ನಿಯ ಪರವಾಗಿ ತೀರ್ಮಾನಿಸುವುದಲ್ಲ. ಆಕೆ ತಿಳಿದು ತೀರ್ಮಾನಿಸಲು ಜೊತೆಗೆ ನಿಲ್ಲುವುದು.

ಕಾಗದಗಳೇ ಸಾಕ್ಷಿ

ಚೀಟಿ, ಸ್ಕ್ಯಾನಿಂಗ್ ವರದಿ, ರಕ್ತ ಪರೀಕ್ಷೆ, ಹಣ ಕೊಟ್ಟ ರಸೀದಿ, ಬಿಡುಗಡೆಯ ಪತ್ರ ಇವೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಜೋಪಾನವಾಗಿಡಿರಿ. ಆಸ್ಪತ್ರೆಯಲ್ಲಿರುವ ದಾಖಲೆಗಳ ಪ್ರತಿಯನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ ನಡವಳಿಕೆಯ 2002ರ ನಿಯಮಗಳು ಹೇಳುತ್ತವೆ. ಮುಂದೆ ಬೇರೆ ವೈದ್ಯರು ಚಿಕಿತ್ಸೆ ಮಾಡಲೂ ಈ ಕಾಗದಗಳು ಬೇಕು.

ಶಸ್ತ್ರಚಿಕಿತ್ಸೆ ಆಗಲೇಬೇಕಾಗಿ ಬಂದು ಮನೆಗೆ ಮರಳಿದ ಮೇಲೆ ಜ್ವರ, ದುರ್ವಾಸನೆಯ ಸ್ರಾವ, ಹೆಚ್ಚು ರಕ್ತ, ತಡೆಯಿಲ್ಲದೆ ಮೂತ್ರ ಸೋರುವುದು, ಕಾಲಿನ ಮೀನಖಂಡದಲ್ಲಿ ಬಾವು ನೋವು, ಉಸಿರಾಟದ ತೊಂದರೆ ಇವುಗಳಲ್ಲಿ ಯಾವುದೇ ಕಂಡರೂ ಕಾಯಬೇಡಿರಿ. ತಕ್ಷಣ ಆಸ್ಪತ್ರೆಗೆ ಹೋಗಿರಿ. ವಾಹನ ಬೇಕಾದರೆ 108ಕ್ಕೆ ಕರೆ ಮಾಡಿರಿ.

ಅನ್ಯಾಯವಾಗಿದ್ದರೆ

ಚಿಕಿತ್ಸೆ ಫಲಿಸಲಿಲ್ಲವೆಂದ ಮಾತ್ರಕ್ಕೆ ವೈದ್ಯರದೇ ತಪ್ಪೆಂದು ಹೇಳಲಾಗದು. ಎಚ್ಚರಿಕೆಯಿಂದ ಮಾಡಿದ ಚಿಕಿತ್ಸೆಯೂ ಕೆಲವೊಮ್ಮೆ ಕೈಕೊಡುತ್ತದೆ. ಕೋಪದಿಂದ ಆಸ್ಪತ್ರೆಯ ಮೇಲೆ ಕಲ್ಲೆಸೆಯುವುದು, ವೈದ್ಯರ ಮೇಲೆ ಕೈಮಾಡುವುದು ಅಪರಾಧ. ಅದರಿಂದ ನಿಮಗೆ ನ್ಯಾಯವೂ ದೊರೆಯದು. ಆದರೆ ಸುಳ್ಳು ಹೇಳಿ, ಹೆದರಿಸಿ, ಪರೀಕ್ಷೆಯಿಲ್ಲದೆ, ಒಪ್ಪಿಗೆಯಿಲ್ಲದೆ ಅಂಗವನ್ನು ತೆಗೆದಿದ್ದರೆ ಸುಮ್ಮನಿರಬೇಕಾಗಿಲ್ಲ.

ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಯಂತೆ ಪ್ರತಿಯೊಂದು ಖಾಸಗಿ ಆಸ್ಪತ್ರೆಯೂ ನೋಂದಣಿ ಮಾಡಿಸಿರಬೇಕು. ದೂರುಗಳನ್ನು ವಿಚಾರಿಸಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಹಣ ಕೊಟ್ಟು ಪಡೆದ ಚಿಕಿತ್ಸೆಯೂ ಗ್ರಾಹಕ ಕಾಯಿದೆಗೆ ಒಳಪಡುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ತೀರ್ಪು ನೀಡಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಚಿಕಿತ್ಸೆ ಗಡಿಯಾಚೆ ನಡೆದಿದ್ದರೂ ಬೀದರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದೆಂಬುದು ನಮ್ಮ ಜಿಲ್ಲೆಯವರಿಗೆ ದೊಡ್ಡ ಅನುಕೂಲ. ಸಾಮಾನ್ಯವಾಗಿ ಎರಡು ವರ್ಷದೊಳಗೆ ದೂರು ಕೊಡಬೇಕು. ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಪಡೆಯುವ ಹಕ್ಕಿದೆ.

ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಮಾರ್ಗಸೂಚಿ ಹೊರಡಿಸಿತು. ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟಗಳಲ್ಲಿ ಮೇಲ್ವಿಚಾರಣೆಯ ಸಮಿತಿಗಳಿರಬೇಕೆಂದು ಅದು ಹೇಳುತ್ತದೆ. ರಾಜಸ್ಥಾನದ ವೈದ್ಯ ಡಾ. ನರೇಂದ್ರ ಗುಪ್ತಾ ಅವರು ಹೂಡಿದ್ದ ಮೊಕದ್ದಮೆಯಲ್ಲಿ, 2023ರ ಏಪ್ರಿಲ್ 5ರಂದು ಸರ್ವೋಚ್ಚ ನ್ಯಾಯಾಲಯವು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಇದನ್ನು ಜಾರಿಗೆ ತರಬೇಕೆಂದು ಆದೇಶಿಸಿತು. ಈ ಅನ್ಯಾಯದ ವಿರುದ್ಧ ಮೊಕದ್ದಮೆ ಹೂಡಿದವರೂ ಒಬ್ಬ ವೈದ್ಯರೇ ಎಂಬುದನ್ನು ನೆನಪಿಡಿರಿ. ವೈದ್ಯರೆಲ್ಲರನ್ನೂ ಸಂಶಯದಿಂದ ನೋಡಬೇಕಾಗಿಲ್ಲ.

ಆದರೆ ಕಾಯಿದೆಯಾಗಲಿ ನ್ಯಾಯಾಲಯವಾಗಲಿ ತೆಗೆದ ಗರ್ಭಕೋಶವನ್ನು ಮರಳಿ ಕೊಡಲಾರದು. ಪರಿಹಾರದ ಹಣ ಎಷ್ಟೇ ಬಂದರೂ ಸವೆದ ಮೂಳೆ ಮತ್ತೆ ಗಟ್ಟಿಯಾಗದು. ಆದಕಾರಣ ಎಚ್ಚರಿಕೆಯ ಕಾಲ ಸಹಿಗೆ ಮುಂಚಿನದು, ನಂತರದ್ದಲ್ಲ.

ಇಂದು ಮನೆಗೆ ಹೋದ ಮೇಲೆ ಪತಿ ಪತ್ನಿಯರಿಬ್ಬರೂ ಕುಳಿತು ಈ ವಿಷಯವನ್ನು ಮಾತನಾಡಿರಿ. ಬಿಳಿ ಸೆರಗು, ಮುಟ್ಟಿನ ತೊಂದರೆ ಇವುಗಳನ್ನು ಪತ್ನಿಯು ನಾಚಿಕೆಯಿಂದ ಮುಚ್ಚಿಡದಿರಲಿ. ಪತಿಯು ಅದನ್ನು ‘ಹೆಂಗಸರ ವಿಷಯ’ವೆಂದು ತಳ್ಳಿಹಾಕದಿರಲಿ. ತೊಂದರೆ ಸಣ್ಣದಿರುವಾಗಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಬ್ಬರೂ ಕೂಡಿ ಹೋಗಿರಿ. ಅಕ್ಕನಿಗೆ, ತಂಗಿಗೆ, ನೆರೆಮನೆಯವರಿಗೆ ಆ ಏಳು ಪ್ರಶ್ನೆಗಳನ್ನು ಕಲಿಸಿರಿ. ತಾಯಿ ಗಟ್ಟಿಯಾಗಿದ್ದರೆ ಮನೆ ಗಟ್ಟಿ.